ಕುಶಾನರ ಚಿಲ್ಲರೆ ಕಾಸು

ಕುಶಾನ ಅರಸ ವಿಮ ಕಡ್‌ಫೈಸಿಸನ ದೊಡ್ಡ ತಾಮ್ರದ ನಾಣ್ಯ ಸುಮಾರು 17 ಗ್ರಾಂ ತೂಗುತ್ತದೆ. ನಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನಾಣ್ಯದ ತೂಕ 7.71 ಗ್ರಾಂ. ಅಂಥ ಎರಡನ್ನು ತಕ್ಕಡಿಗೆ ಹಾಕಿದರೂ ಆ ಒಂದು ಕಾಸಿಗೆ ಸಮವಾಗುವುದಿಲ್ಲ. ಅಗಲದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ, ವ್ಯತ್ಯಾಸವೆಲ್ಲ ದಪ್ಪದಲ್ಲಿದೆ. ಹಾಗಾಗಿ ಅಂಗೈ ಮೇಲಿಟ್ಟರೆ ಚಿತ್ರಕ್ಕಿಂತ ಮೊದಲು ಭಾರವೇ ಗಮನಕ್ಕೆ ಬರುತ್ತದೆ.

ಒಂದು ಬದಿಯಲ್ಲಿ ಅರಸ ನಿಂತಿದ್ದಾನೆ. ಗಡ್ಡ ಬಿಟ್ಟಿದ್ದಾನೆ. ತಲೆಗೆ ಎತ್ತರದ ಟೊಪ್ಪಿಗೆ, ಮೈಗೆ ಮೊಣಕಾಲು ದಾಟಿದ ದಪ್ಪ ನಿಲುವಂಗಿ, ಕಾಲಿಗೆ ಬೂಟು. ಬಲಗೈಯನ್ನು ಪುಟ್ಟದೊಂದು ಅಗ್ನಿವೇದಿಕೆಯ ಮೇಲೆ ಚಾಚಿ ಆಹುತಿ ಕೊಡುತ್ತಿದ್ದಾನೆ. ವೇದಿಕೆಯ ಬಳಿ ಕೊಡಲಿ ಸೇರಿಸಿದ ತ್ರಿಶೂಲ, ಇನ್ನೊಂದು ಮಗ್ಗುಲಲ್ಲಿ ಗದೆ ಮತ್ತು ಅರಸನ ಲಾಂಛನ. ಸುತ್ತಲೂ ಗ್ರೀಕ್ ಅಕ್ಷರಗಳು: ‘ಬಸಿಲೆಯುಸ್ ಬಸಿಲೆಯೋನ್ ಸೋಟೇರ್ ಮೆಗಾಸ್’, ಅಂದರೆ ರಾಜಾಧಿರಾಜ, ಮಹಾರಕ್ಷಕ, ಆಮೇಲೆ ಅರಸನ ಹೆಸರು. ನಾಣ್ಯವನ್ನು ಮಗುಚಿದರೆ ತ್ರಿಶೂಲ ಹಿಡಿದ ಶಿವ ಕಾಣುತ್ತಾನೆ. ಅವನ ಬೆನ್ನಿಗೆ ನಂದಿ ಅಡ್ಡಲಾಗಿ ನಿಂತಿದೆ. ಈ ಬದಿಯ ಬರಹ ಖರೋಷ್ಠಿ ಲಿಪಿಯಲ್ಲಿದೆ, ಭಾಷೆ ಪ್ರಾಕೃತ. ಅರಸ ‘ಮಹಾರಾಜ’, ‘ರಾಜದಿರಾಜ’, ‘ಸರ್ವಲೋಗ ಇಶ್ವರ’, ‘ಮಹಿಶ್ವರ’ ಎಂದೆಲ್ಲ ಹೇಳಿಸಿಕೊಂಡಿದ್ದಾನೆ.

ಮಧ್ಯ ಏಷ್ಯಾದ ಚಳಿಗೆ ಹೊಲಿದ ಉಡುಪು, ಗ್ರೀಕರು ಬಿಟ್ಟುಹೋದ ಅಕ್ಷರ, ಇರಾನಿನ ಕಡೆಯ ಅಗ್ನಿಪೂಜೆ, ಭಾರತದ ಶಿವ, ಗಂಧಾರದ ಜನ ಆಡುತ್ತಿದ್ದ ಪ್ರಾಕೃತ ಇವೆಲ್ಲ ಎರಡಂಗುಲವೂ ಅಗಲವಿಲ್ಲದ ಒಂದು ಬಿಲ್ಲೆಯಲ್ಲಿ ಕೂತಿವೆ. ಕ್ರಿ.ಶ. ಎರಡನೇ ಶತಮಾನದ ಆರಂಭದಲ್ಲಿ ಕಾಬೂಲಿನ ಹತ್ತಿರದ ಬೇಗ್ರಾಮಿನಲ್ಲೋ ತಕ್ಷಶಿಲೆಯಲ್ಲೋ ಮಥುರೆಯಲ್ಲೋ ಯಾರಾದರೂ ಸಂತೆಗೆ ಹೋದರೆ ಅವರ ಕೈಯಲ್ಲಿ ಓಡಾಡುತ್ತಿದ್ದ ಕಾಸು ಇದು.

ನಮ್ಮ ಪಠ್ಯಪುಸ್ತಕಗಳು ಕುಶಾನರನ್ನು ಎರಡೋ ಮೂರೋ ಸಾಲಿಗೆ ಕಟ್ಟಿಹಾಕಿವೆ. ಕನಿಷ್ಕ, ನಾಲ್ಕನೇ ಬೌದ್ಧ ಮಹಾಸಭೆ, ಮಥುರಾ ವಸ್ತುಸಂಗ್ರಹಾಲಯದ ತಲೆಯಿಲ್ಲದ ಪ್ರತಿಮೆ, ಜೊತೆಗೆ ಚಿನ್ನದ ನಾಣ್ಯ. ಆ ಚಿನ್ನ ನಿಜಕ್ಕೂ ಚೆನ್ನಾಗಿದೆ. ಮ್ಯೂಸಿಯಮ್ಮುಗಳ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೇ ಮುಂದಿನ ಸಾಲು, ಹರಾಜಿನಲ್ಲಿ ಅದಕ್ಕೇ ಬೆಲೆ. ಆದರೆ ಕುಶಾನರ ಕಾಲದ ಬದುಕು ಹೇಗಿತ್ತು ಎಂದು ಕೇಳುವವರು ನೋಡಬೇಕಾದದ್ದು ಸವೆದು ಕಿಲುಬು ಹಿಡಿದ ತಾಮ್ರವನ್ನು ಎಂಬುದು ನನ್ನ ನಂಬಿಕೆ. ಸುಮಾರು ಎಂಟು ಗ್ರಾಂ ಚಿನ್ನವಿದ್ದ ದೀನಾರ ದೊಡ್ಡ ವ್ಯಾಪಾರಿಯ ಗಂಟಿನಲ್ಲಿ, ಅರಮನೆಯ ಬೊಕ್ಕಸದಲ್ಲಿ, ಸ್ತೂಪದ ಗರ್ಭದಲ್ಲಿ ಉಳಿಯಿತು. ಸೊಪ್ಪು, ಎಣ್ಣೆ, ಮಡಕೆ ಕೊಳ್ಳುವ ಜಾಗದಲ್ಲಿ ದಿನವಿಡೀ ಕೈ ಬದಲಿಸಿದ್ದು ತಾಮ್ರ.

ಬೆಳ್ಳಿ ಎಲ್ಲಿ ಹೋಯಿತು?

ಕುಶಾನರ ನಾಣ್ಯಗಳಲ್ಲಿ ಎದ್ದು ಕಾಣುವ ಸಂಗತಿಯೆಂದರೆ, ಅವರಲ್ಲಿ ಚಿನ್ನವಿದೆ, ತಾಮ್ರವಿದೆ, ನಡುವಿನ ಬೆಳ್ಳಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರಿಗಿಂತ ಹಿಂದೆ ಅದೇ ನೆಲವನ್ನು ಆಳಿದ ಗ್ರೀಕ್ ಅರಸರು ಬೆಳ್ಳಿಗೇ ಹೆಸರಾದವರು. ಅವರಲ್ಲೊಬ್ಬನಾದ ಮಿನಾಂಡರನ ಬೆಳ್ಳಿ ನಾಣ್ಯಗಳು ಅಷ್ಟು ಗಟ್ಟಿಯಾಗಿದ್ದವು, ಅಷ್ಟು ಹೇರಳವಾಗಿದ್ದವು. ಅವನು ತೀರಿಕೊಂಡು ಸುಮಾರು ಎರಡು ಶತಮಾನ ಕಳೆದ ಮೇಲೂ ಭರೂಚ್ ಬಂದರಿನಲ್ಲಿ ಅವನ ಮತ್ತು ಅಪೊಲೊಡೋಟಸನ ಹಳೆಯ ನಾಣ್ಯಗಳು ನಡೆಯುತ್ತಿದ್ದವೆಂದು ಕ್ರಿ.ಶ. ಒಂದನೇ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ಕಡಲವ್ಯಾಪಾರದ ಕೈಪಿಡಿ ಹೇಳುತ್ತದೆ.

ಗ್ರೀಕರ ನಂತರ ಬಂದ ಶಕ ಮತ್ತು ಪಾರ್ಥಿಯನ್ ಅರಸರ ಕಾಲದಲ್ಲಿ ಬೆಳ್ಳಿಗೆ ತಾಮ್ರ ಬೆರೆಯತೊಡಗಿತು. ಮೊದಲು ಸ್ವಲ್ಪ, ಆಮೇಲೆ ಅರ್ಧ, ಕೊನೆಗೆ ಹೆಸರಿಗೆ ಮಾತ್ರ ಬೆಳ್ಳಿ. ಅಜೆಸ್ ಎಂಬ ಶಕ ಅರಸನ ಹೆಸರಿನ ನಾಣ್ಯಗಳನ್ನು ಸಾಲಾಗಿ ಜೋಡಿಸಿದರೆ ಬಿಳಿ ಹೊಳಪು ಕ್ರಮೇಣ ಮಂಕಾಗಿ ಕಂದುಬಣ್ಣಕ್ಕೆ ತಿರುಗುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ಹಿಂದೂಕುಶ್ ಪರ್ವತದ ಉತ್ತರಕ್ಕೆ, ಬ್ಯಾಕ್ಟ್ರಿಯಾದಲ್ಲಿ ನಡೆದದ್ದೂ ಇದೇ. ಅಲ್ಲಿಗೆ ಬಂದು ನೆಲೆಸಿದ ಯೂಚಿ ಜನ ಹೀಲಿಯೊಕ್ಲೀಸ್ ಎಂಬ ಗ್ರೀಕ್ ಅರಸನ ಬೆಳ್ಳಿ ನಾಣ್ಯವನ್ನು ನಕಲು ಮಾಡುತ್ತಾ ಬಂದರು. ಕೆಲವು ತಲೆಮಾರು ಕಳೆಯುವಷ್ಟರಲ್ಲಿ ಚಿತ್ರ ಒರಟಾಯಿತು, ಲೋಹವೂ ತಾಮ್ರವಾಯಿತು.

ಯೂಚಿಗಳ ಐದು ಪಂಗಡಗಳಲ್ಲಿ ಒಂದು ಕುಶಾನರದು. ಉಳಿದ ನಾಲ್ಕನ್ನು ಬಗ್ಗಿಸಿ ರಾಜ್ಯ ಕಟ್ಟಿದವನು ಕುಜುಲ ಕಡ್‌ಫೈಸಿಸ್ ಎಂದು ಚೀನದ ಹಾನ್ ವಂಶದ ಚರಿತ್ರೆ ದಾಖಲಿಸಿದೆ. ಕ್ರಿ.ಶ. ಒಂದನೇ ಶತಮಾನದ ಈ ಅರಸ ಚಿನ್ನದ ನಾಣ್ಯ ಹೊರಡಿಸಲಿಲ್ಲ. ಸಿಕ್ಕ ಊರಿನಲ್ಲಿ ಯಾವ ಕಾಸಿಗೆ ಜನರ ನಂಬಿಕೆ ಇತ್ತೋ ಅದೇ ಮಾದರಿಯಲ್ಲಿ ತನ್ನ ತಾಮ್ರವನ್ನು ಅಚ್ಚು ಹಾಕಿಸಿದ. ಕಾಬೂಲ್ ಕಣಿವೆಯಲ್ಲಿ ತೀರಿಹೋದ ಗ್ರೀಕ್ ಅರಸ ಹರ್ಮಿಯಸನ ಮುಖ, ಕಾಶ್ಮೀರದ ಕಡೆ ಒಂದು ಬದಿಗೆ ಗೂಳಿ ಇನ್ನೊಂದು ಬದಿಗೆ ಎರಡು ಡುಬ್ಬದ ಒಂಟೆ. ಇನ್ನೊಂದು ಬಗೆಯ ನಾಣ್ಯದ ಮೇಲಂತೂ ರೋಮಿನ ಚಕ್ರವರ್ತಿಯ ತಲೆ! ಕಡಲ ವ್ಯಾಪಾರದಿಂದ ಬಂದ ರೋಮನ್ ನಾಣ್ಯವನ್ನು ನೋಡಿ ಅದನ್ನು ತಾಮ್ರದಲ್ಲಿ ಇಳಿಸಿದ್ದಾರೆ. ಗೆದ್ದವನು ಬಂದೊಡನೆ ತನ್ನ ಮುಖ ತೋರಿಸದೆ ಜನರಿಗೆ ಪರಿಚಯವಿದ್ದ ಮುಖಗಳ ಮರೆಯಲ್ಲಿ ನಿಂತ. ಇದರಲ್ಲಿ ನನಗೆ ಕಾಣುವುದು ದೊಡ್ಡ ವಿವೇಕ. ಆಳುವವರ ಹೆಸರು ಬದಲಾದ ಮಾತ್ರಕ್ಕೆ ಅಂಗಡಿಯವನು ಹೊಸ ಕಾಸನ್ನು ಮುಟ್ಟುವುದಿಲ್ಲ.

ಇಷ್ಟೆಲ್ಲ ಗೊತ್ತಾದ ಮೇಲೆ ವಿಮ ಕಡ್‌ಫೈಸಿಸನ ನಾಣ್ಯದ ಭಾರಕ್ಕೆ ಕಾರಣ ಸಿಗುತ್ತದೆ. ಹದಿನೇಳು ಗ್ರಾಂ ಎಂದರೆ ಅಲೆಕ್ಸಾಂಡರನ ಕಾಲದಿಂದ ಆ ಪ್ರದೇಶ ಕಂಡಿದ್ದ ಗ್ರೀಕರ ದೊಡ್ಡ ಬೆಳ್ಳಿ ನಾಣ್ಯದ ತೂಕ. ಬೆಳ್ಳಿ ಮಾಯವಾದ ಮೇಲೂ ಅದರ ತೂಕ ಮಾತ್ರ ತಾಮ್ರದಲ್ಲಿ ಉಳಿದುಕೊಂಡಿತು.

ಅದೇ ಹೊತ್ತಿಗೆ ನಮ್ಮ ದಖ್ಖನಿನಲ್ಲಿ ಪರಿಸ್ಥಿತಿ ಬೇರೆಯಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಡಾ. ಎಂ.ಎಚ್. ಕೃಷ್ಣ 1929ರಲ್ಲಿ ಉತ್ಖನನ ಮಾಡಿದಾಗ ಶಾತವಾಹನರ ಕಾಲದ ಸೀಸದ ನಾಣ್ಯಗಳು ಸಿಕ್ಕವು. ಉತ್ತರದವರು ತಾಮ್ರವನ್ನು ನೆಚ್ಚಿದಷ್ಟೇ ಸಹಜವಾಗಿ ನಮ್ಮವರು ಸೀಸವನ್ನು ನೆಚ್ಚಿದ್ದರು.

ಹೆಸರು ಹೇಳದ ಅರಸ

ಕುಜುಲನ ನಂತರ ಇದ್ದಕ್ಕಿದ್ದಂತೆ ಒಂದೇ ಬಗೆಯ ತಾಮ್ರದ ನಾಣ್ಯ ರಾಶಿರಾಶಿಯಾಗಿ ಕಾಣಿಸಿಕೊಳ್ಳುತ್ತದೆ. ಮುಂಬದಿಯಲ್ಲಿ ತಲೆಯಿಂದ ಕಿರಣಗಳು ಹೊಮ್ಮುತ್ತಿರುವ ಮುಖ, ಹಿಂಬದಿಯಲ್ಲಿ ಕುದುರೆ ಸವಾರ, ಮೂರು ಕವಲಿನ ಒಂದು ಲಾಂಛನ, ‘ರಾಜಾಧಿರಾಜ ಮಹಾರಕ್ಷಕ’ ಎಂಬ ಗ್ರೀಕ್ ಬಿರುದು. ಅರಸನ ಹೆಸರು ಮಾತ್ರ ಇಲ್ಲ. ಬೇಗ್ರಾಮಿನಿಂದ ಮಥುರೆಯವರೆಗೆ ಇದೇ ನಾಣ್ಯ. ಅಲ್ಲಿಯವರೆಗೆ ಪ್ರತಿ ಊರಿಗೂ ತನ್ನದೇ ಆದ ಕಾಸು, ತನ್ನದೇ ಆದ ತೂಕವಿದ್ದ ನಾಡಿನಲ್ಲಿ ಇದು ಸಣ್ಣ ಬದಲಾವಣೆಯಲ್ಲ. ಮಥುರೆಯ ವ್ಯಾಪಾರಿ ತನ್ನೂರಿನ ಕಾಸನ್ನೇ ಕಟ್ಟಿಕೊಂಡು ಖೈಬರ್ ಕಣಿವೆ ದಾಟಿ ಹೋಗಿ ಅಲ್ಲೂ ಊಟ ಕೊಳ್ಳಬಹುದಾಗಿತ್ತು.

ಯಾರೀತ? ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನಾಣ್ಯತಜ್ಞರು ಇವನನ್ನು ‘ಸೋಟೇರ್ ಮೆಗಾಸ್’ ಎಂಬ ಬಿರುದಿನಿಂದಲೇ ಕರೆದರು. ಯಾರೋ ದಂಗೆಯೆದ್ದ ಸಾಮಂತ ಎಂದರು ಕೆಲವರು, ವಿಮ ಕಡ್‌ಫೈಸಿಸನೇ ಎಂದರು ಇನ್ನು ಕೆಲವರು. 1993ರಲ್ಲಿ ಅಫ್ಘಾನಿಸ್ತಾನದ ಬಾಗ್ಲಾನ್ ಪ್ರಾಂತ್ಯದ ರಬಾತಕ್ ಎಂಬಲ್ಲಿ ಒಂದು ಶಾಸನ ಸಿಕ್ಕಿತು. ಬ್ಯಾಕ್ಟ್ರಿಯನ್ ಭಾಷೆಯಲ್ಲಿ, ಗ್ರೀಕ್ ಅಕ್ಷರದಲ್ಲಿ ಬರೆದ ಅದನ್ನು ಓದಿದವರು ನಿಕೊಲಸ್ ಸಿಮ್ಸ್-ವಿಲಿಯಮ್ಸ್, ಇತಿಹಾಸದ ಕಡೆಯಿಂದ ಜೊತೆಗೂಡಿದವರು ಬ್ರಿಟಿಷ್ ಮ್ಯೂಸಿಯಮ್ಮಿನ ನಾಣ್ಯತಜ್ಞ ಜೋ ಕ್ರಿಬ್. ಅದರಲ್ಲಿ ಕನಿಷ್ಕ ತನ್ನ ವಂಶಾವಳಿಯನ್ನು ಹೇಳಿಕೊಂಡಿದ್ದಾನೆ: ಮುತ್ತಜ್ಜ ಕುಜುಲ ಕಡ್‌ಫೈಸಿಸ್, ಅಜ್ಜ ವಿಮ ತಕ್ತೊ, ತಂದೆ ವಿಮ ಕಡ್‌ಫೈಸಿಸ್. ನಡುವಿನ ವಿಮ ತಕ್ತೊ ಎಂಬ ಹೆಸರೇ ಹೊಸದು. ಹೆಸರಿಲ್ಲದ ನಾಣ್ಯಗಳ ಒಡೆಯ ಇವನೇ ಎಂದು ಇಂದು ಹೆಚ್ಚಿನವರು ಒಪ್ಪಿದ್ದಾರೆ. ಚಿನ್ನವನ್ನೇ ಹೊರಡಿಸದ ಈ ಅರಸ ಚರಿತ್ರೆಗೆ ದಕ್ಕಿದ್ದು ತಾಮ್ರ ಮತ್ತು ಒಂದು ಕಲ್ಲಿನ ಸಾಕ್ಷ್ಯದಿಂದ.

ಕಾಸಿನ ಮೇಲೆ ಬಂದ ದೇವರುಗಳು

ಕನಿಷ್ಕನ ಪಟ್ಟಾಭಿಷೇಕ ಎಂದಾಯಿತು ಎಂಬ ಜಗಳ ಒಂದು ಶತಮಾನ ನಡೆದಿದೆ. 2001ರಲ್ಲಿ ವಿದ್ವಾಂಸ ಹ್ಯಾರಿ ಫಾಕ್ ಅವರು ‘ಯವನಜಾತಕ’ ಎಂಬ ಹಳೆಯ ಜ್ಯೋತಿಷ ಗ್ರಂಥದ ಲೆಕ್ಕಾಚಾರವನ್ನು ಹೊಸದಾಗಿ ಓದಿ ಸೂಚಿಸಿದ ಕ್ರಿ.ಶ. 127 ಈಗ ಬಹುಮಟ್ಟಿಗೆ ನಿಂತಿದೆ. ರಬಾತಕ್ ಶಾಸನದ ಪ್ರಕಾರ ಅವನ ಮಾತು ಸಾಕೇತ, ಕೌಶಾಂಬಿ, ಪಾಟಲಿಪುತ್ರ, ಶ್ರೀಚಂಪೆಯವರೆಗೂ ನಡೆಯುತ್ತಿತ್ತು. ಆಮು ದರಿಯಾ ನದಿಯ ದಡದಿಂದ ಬಿಹಾರದ ಭಾಗಲ್ಪುರದವರೆಗೆ ಎಂದು ಊಹಿಸಿಕೊಂಡರೆ ಆ ನಾಡಿನ ಹರವು ತಿಳಿಯುತ್ತದೆ.

ಅಧಿಕಾರಕ್ಕೆ ಬಂದ ಹೊಸತರಲ್ಲಿ ಕನಿಷ್ಕನ ನಾಣ್ಯಗಳ ಮೇಲೂ ಭಾಷೆ ಗ್ರೀಕ್. ಸೂರ್ಯನ ಚಿತ್ರದ ಪಕ್ಕ ‘ಹೀಲಿಯೊಸ್’, ದೇವಿಯ ಚಿತ್ರದ ಪಕ್ಕ ‘ನನೈಯ’. ಸ್ವಲ್ಪ ಕಾಲಕ್ಕೆ ಆಜ್ಞೆ ಬದಲಾಯಿತು. ಅಕ್ಷರ ಗ್ರೀಕರದೇ, ಭಾಷೆ ತಮ್ಮ ಬ್ಯಾಕ್ಟ್ರಿಯನ್. ಆ ಭಾಷೆಗೆ ಬೇಕಾದ ‘ಶ’ಕಾರ ಗ್ರೀಕಿನಲ್ಲಿ ಇರಲಿಲ್ಲವಾದ್ದರಿಂದ ಅದಕ್ಕೊಂದು ಹೊಸ ಅಕ್ಷರವೂ ಬಳಕೆಗೆ ಬಂತು. ಖರೋಷ್ಠಿ ಬರಹ ನಾಣ್ಯದಿಂದ ಪೂರ್ತಿ ಹೊರಟುಹೋಯಿತು. ತಾಮ್ರದ ಮೇಲೆ ಅರಸ ಈಗ ಬರೀ ‘ಶಾವೊ ಕನೇಷ್ಕಿ’, ಅಂದರೆ ದೊರೆ ಕನಿಷ್ಕ. ಚಿತ್ರ ಅದೇ ಇದ್ದು ಸೂರ್ಯನ ಹೆಸರು ‘ಮಿಯಿರೊ’ ಆಯಿತು, ನನೈಯ ‘ನನ’ ಆದಳು. ಗ್ರೀಕ್ ಭಾಷೆಯಲ್ಲಿದ್ದ ಆಜ್ಞೆಯನ್ನು ಆರ್ಯ ಭಾಷೆಗೆ ತಂದದ್ದನ್ನು ರಬಾತಕ್ ಶಾಸನವೂ ಹೇಳುತ್ತದೆ. ಕಲ್ಲಿನ ಮಾತನ್ನು ಎಷ್ಟು ಜನ ಓದಿದರೋ ಏನೋ, ಕಾಸಿನ ಮೇಲಿನ ಬದಲಾವಣೆ ಮಾತ್ರ ರಾಜ್ಯದ ಮನೆಮನೆಗೆ ತಲುಪಿತು.

ಆ ದೇವರುಗಳ ಸಾಲು ಅಚ್ಚರಿ ತರುತ್ತದೆ. ಸೂರ್ಯ ಮಿಯಿರೊ, ಚಂದ್ರ ಮಾವೊ, ಅಗ್ನಿ ಅಥ್‌ಶೊ ಇರಾನಿನ ಪರಂಪರೆಯವರು. ಮೆಸೊಪೊಟೇಮಿಯಾದಿಂದ ಬಹು ಹಿಂದೆಯೇ ಪೂರ್ವಕ್ಕೆ ಬಂದಿದ್ದ ನನ. ನಾಲ್ಕು ತೋಳಿನ ಶಿವ, ಅವನ ಪಕ್ಕ ‘ಓಯೇಶೊ’ ಎಂಬ ಬರಹ. ಇವರೆಲ್ಲರ ನಡುವೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಗಾಳಿದೇವರಾದ ‘ಓದೊ’ನ ಮೇಲೆ. ಗಡ್ಡದ ಈ ದೇವರು ನಿಂತಿಲ್ಲ, ಓಡುತ್ತಿದ್ದಾನೆ. ಕೂದಲು ಕೆದರಿ ಹಾರುತ್ತಿದೆ. ಮೇಲುವಸ್ತ್ರದ ಎರಡು ಅಂಚನ್ನು ಎರಡು ಕೈಯಲ್ಲೂ ಹಿಡಿದಿದ್ದಾನೆ, ಅದು ಗಾಳಿ ತುಂಬಿ ತಲೆಯ ಹಿಂದೆ ಉಬ್ಬಿ ನಿಂತಿದೆ. ಅಚ್ಚು ಕೆತ್ತಿದ ಕೆಲಸಗಾರನಿಗೆ ಇದ್ದ ಜಾಗ ಹೆಬ್ಬೆರಳಿನ ಅಗಲದಷ್ಟು. ಅಷ್ಟರಲ್ಲೇ ಕಣ್ಣಿಗೆ ಕಾಣದ ಗಾಳಿಯನ್ನು ಕಾಣುವಂತೆ ಮಾಡಿದ್ದಾನೆ. ಅವನ ಹೆಸರು ಯಾವ ಶಾಸನದಲ್ಲೂ ಇಲ್ಲ.

ಬುದ್ಧನೂ ಈ ಕಾಸುಗಳ ಮೇಲೆ ಬಂದ. ಕನಿಷ್ಕನ ಬುದ್ಧ ನಾಣ್ಯ ಎಂದೊಡನೆ ಎಲ್ಲರೂ ಬೆರಳೆಣಿಕೆಯಷ್ಟು ಉಳಿದಿರುವ ಚಿನ್ನದ ತುಣುಕುಗಳ ಚಿತ್ರವನ್ನೇ ಮುದ್ರಿಸುತ್ತಾರೆ. ಅವಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ಉಳಿದಿರುವುದು ತಾಮ್ರದವು, ವೈವಿಧ್ಯವೂ ತಾಮ್ರದಲ್ಲೇ ಹೆಚ್ಚು. ಒಂದರಲ್ಲಿ ಅಭಯಹಸ್ತ ಎತ್ತಿ ನಿಂತ ‘ಸಕಮನೊ ಬೌದೊ’, ಅಂದರೆ ಶಾಕ್ಯಮುನಿ ಬುದ್ಧ. ಇನ್ನೊಂದರಲ್ಲಿ ಕಾಲು ಮಡಚಿ ಪೀಠದ ಮೇಲೆ ಕೂತ ‘ಮೆತ್ರಗೊ ಬೌದೊ’, ಮುಂದೆ ಬರಲಿರುವ ಮೈತ್ರೇಯ. ಅವನ ಕೈಯಲ್ಲಿ ನೀರಿನ ಕಮಂಡಲು. ಇವನ್ನು ಕೂಲಂಕಷವಾಗಿ ಅಭ್ಯಾಸ ಮಾಡಿದ ಜೋ ಕ್ರಿಬ್, ಈ ಚಿತ್ರಗಳ ಹಿಂದೆ ಆಗಲೇ ಇದ್ದ ಶಿಲ್ಪಗಳ ಮಾದರಿ ಇದೆ ಎಂದು ತೋರಿಸಿದ್ದಾರೆ. ತಾಮ್ರದ ಅಚ್ಚುಗಳಲ್ಲಿ ಹೆಸರಿನ ಅಕ್ಷರಗಳು ಹಲವು ಸಲ ತಪ್ಪಿವೆ. ಈ ಬರಹ ಕೆತ್ತುವವನ ಕೈಗೆ ಇನ್ನೂ ಹೊಸದು ಎನಿಸುತ್ತದೆ. ಬುದ್ಧನ ಮೂರ್ತಿಶಿಲ್ಪ ಯಾವಾಗ ಹೇಗೆ ಬೆಳೆಯಿತು ಎಂದು ತರ್ಕಿಸುವವರಿಗೆ, ಯಾವ ಅರಸನ ಕಾಲದ್ದು ಎಂದು ಖಚಿತವಾಗಿ ಹೇಳಬಹುದಾದ ಚಿತ್ರಗಳು ಇವು. ಇಷ್ಟೊಂದು ದೇವರುಗಳನ್ನು ಕಾಸಿನ ಮೇಲೆ ಹಾಕಿಸಿದ್ದು ಎಲ್ಲ ಧರ್ಮದವರನ್ನೂ ಒಲಿಸಿಕೊಳ್ಳುವ ಉಪಾಯ ಎಂದು ಹಲವರು ಬರೆದಿದ್ದಾರೆ. ನನಗೆ ಅದು ಅರ್ಧ ಮಾತ್ರ ಸರಿ ಎನಿಸುತ್ತದೆ. ಬೇಕಾದ ದೇವರಿಗೆ ಬೇರೆ ಬೇರೆ ಹೆಸರುಗಳಿರುವಾಗ ಎಲ್ಲಕ್ಕೂ ಅರಮನೆಯ ಬ್ಯಾಕ್ಟ್ರಿಯನ್ ಹೆಸರನ್ನೇ ಬರೆಸಿದ್ದರಲ್ಲಿ, ಇವರೆಲ್ಲ ನಮ್ಮ ವಂಶವನ್ನು ಕಾಯುವವರು ಎಂಬ ಘೋಷಣೆಯೂ ಇದೆ.

ಪಾಕಿಸ್ತಾನದ ಪಂಜಾಬಿನ ಮಾಣಿಕ್ಯಾಲದಲ್ಲಿ 1834ರಲ್ಲಿ ತೆರೆದ ಒಂದು ಸ್ತೂಪದ ವಿಚಾರವನ್ನು ಇಲ್ಲೇ ಹೇಳಬೇಕು. ರಣಜಿತ್ ಸಿಂಗನ ಸೇನೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಕೂರ್ ಅದನ್ನು ಅಗೆಸಿದಾಗ ತಾಮ್ರದ ಪಾತ್ರೆ, ಅದರೊಳಗೆ ಬೆಳ್ಳಿಯದು, ಅದರೊಳಗೆ ಚಿನ್ನದ್ದು ಸಿಕ್ಕವು. ತಾಮ್ರದ ಪಾತ್ರೆಯ ಜೊತೆಗೆ ಕುಶಾನರ ತಾಮ್ರದ ನಾಣ್ಯ, ಚಿನ್ನದ ಪಾತ್ರೆಯೊಳಗೆ ಕನಿಷ್ಕನ ಚಿನ್ನ. ಬೆಳ್ಳಿಗೆ ಏನು ಮಾಡುವುದು? ಕುಶಾನರ ಬೆಳ್ಳಿ ಇರಲಿಲ್ಲವಲ್ಲ. ಅಲ್ಲಿ ಇಟ್ಟದ್ದು ಸವೆದ ಹಳೆಯ ರೋಮನ್ ಬೆಳ್ಳಿ ನಾಣ್ಯಗಳನ್ನು.

ತೂಕ ಇಳಿದಾಗ

ಕನಿಷ್ಕನ ತಾಮ್ರದಲ್ಲಿ ದೊಡ್ಡದು ಸುಮಾರು 16 ಗ್ರಾಂ, ಅದರ ಅರ್ಧದ್ದು ಎಂಟು, ಕಾಲಿನದು ನಾಲ್ಕು. ಸಂತೆಯಲ್ಲಿ ಲೆಕ್ಕ ಹಾಕಲು ಹೇಳಿ ಮಾಡಿಸಿದ ವ್ಯವಸ್ಥೆ. ಅವನ ನಂತರದ ಹುವಿಷ್ಕನ ಕಾಲದಲ್ಲಿ ಚಿತ್ರಗಳು ಇನ್ನೂ ಸೊಗಸಾದವು. ಅಂಕುಶ ಹಿಡಿದು ಆನೆಯೇರಿದ ಅರಸ, ಚಕ್ಕಳಮಕ್ಕಳ ಹಾಕಿ ಕೂತ ಅರಸ, ಮಂಚದ ಮೇಲೆ ಒಂದು ಕಾಲೆತ್ತಿ ಒರಗಿದ ಅರಸ. ಆದರೆ ತಕ್ಕಡಿ ಬೇರೆಯೇ ಕಥೆ ಹೇಳುತ್ತದೆ. ಆಳ್ವಿಕೆಯ ಮೊದಲಲ್ಲಿ ಹದಿನಾರು ಗ್ರಾಂ ಹತ್ತಿರವಿದ್ದ ನಾಣ್ಯ ಆಮೇಲೆ ಹತ್ತು–ಹನ್ನೊಂದಕ್ಕೆ ಬಂತು. ಮುಂದಿನ ವಾಸುದೇವನ ಕಾಲಕ್ಕೆ ಎಂಟು–ಒಂಬತ್ತು. ಕೊನೆಯ ಕುಶಾನರ ಹೊತ್ತಿಗೆ ಐದಕ್ಕಿಂತಲೂ ಕಡಿಮೆ.

ಹುವಿಷ್ಕನ ಕಾಲದ ಇನ್ನೊಂದು ಸಾಕ್ಷ್ಯ ಮಥುರೆಯಲ್ಲಿದೆ. ಕನಿಷ್ಕ ಶಕೆಯ 28ನೇ ವರ್ಷದ, ಅಂದರೆ ಸುಮಾರು ಕ್ರಿ.ಶ. 155ರ ಒಂದು ಶಾಸನ. ಒಬ್ಬ ಅಧಿಕಾರಿ ಎರಡು ವೃತ್ತಿಸಂಘಗಳಲ್ಲಿ ತಲಾ 550 ಪುರಾಣ ಠೇವಣಿ ಇಟ್ಟ. ಅದರಲ್ಲೊಂದು ಹಿಟ್ಟು ಮಾಡುವವರ ಸಂಘ. ಬಡ್ಡಿಯಿಂದ ತಿಂಗಳಿಗೊಮ್ಮೆ ನೂರು ಮಂದಿ ಬ್ರಾಹ್ಮಣರಿಗೆ ಊಟ ಹಾಕಬೇಕು, ದಿನವೂ ಪುಣ್ಯಶಾಲೆಯ ಬಾಗಿಲಲ್ಲಿ ಹಸಿದವರಿಗಾಗಿ ಹುರಿಹಿಟ್ಟು, ಉಪ್ಪು, ಸೊಪ್ಪಿನ ಕಟ್ಟು ಇಟ್ಟಿರಬೇಕು. ಪುರಾಣ ಎಂಬುದು ಹಳೆಯ ಬೆಳ್ಳಿ ನಾಣ್ಯ. ದೊಡ್ಡ ಮೊತ್ತಕ್ಕೆ ಜನ ಇನ್ನೂ ಅದನ್ನೇ ಎಣಿಸುತ್ತಿದ್ದರು ಎಂದಾಯಿತು. ಆದರೆ ಬಾಗಿಲಲ್ಲಿ ಇಡುವ ಸೊಪ್ಪು, ಉಪ್ಪನ್ನು ಪ್ರತಿದಿನ ಪೇಟೆಯಿಂದ ತರಬೇಕಲ್ಲ, ಅದಕ್ಕೆ ಕೊಟ್ಟದ್ದು ತಾಮ್ರವೇ ಇರಬೇಕು. ಈ ಶಾಸನವನ್ನೂ ಹುವಿಷ್ಕನ ಇಳಿಯುತ್ತಿದ್ದ ತೂಕವನ್ನೂ ಜೊತೆಗಿಟ್ಟು ನೋಡಿದಾಗ ಆ ಕಾಲ ಹೆಚ್ಚು ಹತ್ತಿರವಾಗುತ್ತದೆ.

ಗಮನಿಸಬೇಕಾದದ್ದು ಇಷ್ಟು. ಇದೇ ಅವಧಿಯಲ್ಲಿ ಚಿನ್ನದ ದೀನಾರದ ತೂಕ ಎಂಟು ಗ್ರಾಮಿನ ಆಸುಪಾಸಿನಲ್ಲೇ ಉಳಿಯಿತು. ಇಳಿದದ್ದು ತಾಮ್ರ ಮಾತ್ರ. ತಾಮ್ರದ ಕಾಸಿನ ಬೆಲೆ ಲೋಹದ್ದಲ್ಲ, ಅರಸನ ಮುದ್ರೆಯದು. ಹಾಗಾಗಿ ತೂಕ ಇಳಿದರೆ ನಷ್ಟವಿಲ್ಲ ಎಂದು ವಾದಿಸಬಹುದು. ಆದರೆ ಹುವಿಷ್ಕನ ತಾಮ್ರಕ್ಕೆ ಆಗಲೇ ಲೆಕ್ಕವಿಲ್ಲದಷ್ಟು ನಕಲುಗಳು ಹುಟ್ಟಿಕೊಂಡವು. ಒರಟು ಚಿತ್ರ, ಅರ್ಥವಿಲ್ಲದ ಅಕ್ಷರ, ಇನ್ನೂ ಕಡಿಮೆ ತೂಕ. ಹಳೆಯ ದಪ್ಪ ಕಾಸು, ಹೊಸ ತೆಳು ಕಾಸು, ಕಳ್ಳ ಕಾಸು ಮೂರೂ ಒಂದೇ ಸಂತೆಯಲ್ಲಿ ಬೆರೆತಾಗ ಪ್ರತಿ ವ್ಯವಹಾರದಲ್ಲೂ ಚೌಕಾಸಿ, ಅನುಮಾನ. ದೀನಾರ ಇಟ್ಟುಕೊಂಡವನಿಗೆ ಈ ಕಾಟ ತಟ್ಟಲಿಲ್ಲ. ಬೊಕ್ಕಸದ ಬಿಗಿಯನ್ನು ಹೊತ್ತವರು ಚಿಲ್ಲರೆಯಲ್ಲಿ ಬದುಕುವ ಜನ ಎಂದೇ ನಾನು ಇದನ್ನು ಓದುತ್ತೇನೆ.

ಕ್ರಿ.ಶ. 230ರ ಸುಮಾರಿಗೆ ಇರಾನಿನ ಸಾಸಾನಿಯರು ಬ್ಯಾಕ್ಟ್ರಿಯಾವನ್ನು ಕಿತ್ತುಕೊಂಡರು. ಉಳಿದ ಕುಶಾನರು ಪಂಜಾಬ್, ಮಥುರೆಯ ಕಡೆ ಸರಿದರು. ಅವರ ನಾಣ್ಯದ ಮೇಲೆ ಕನಿಷ್ಕನ ಕಾಲದ ದೇವರುಗಳ ದಂಡು ಕರಗಿ ಇಬ್ಬರೇ ಉಳಿದರು: ಗೂಳಿಯೊಂದಿಗೆ ನಿಂತ ಓಯೇಶೊ, ಸಿಂಹಾಸನದ ಮೇಲೆ ಕೂತ ಅರ್ದೋಕ್ಷೊ ಎಂಬ ದೇವಿ. ಈ ದೇವಿಯ ಚಿತ್ರವೇ ಮುಂದೆ ಗುಪ್ತರ ಚಿನ್ನದ ಮೇಲೆ ಲಕ್ಷ್ಮಿಯಾಯಿತು.

ಕರಗಿಹೋದವು, ಉಳಿದವು

ಅಷ್ಟು ತಾಮ್ರ ಬಂದದ್ದು ಎಲ್ಲಿಂದ? ಕಾಬೂಲಿನಿಂದ ಸುಮಾರು 40 ಕಿ.ಮೀ. ಆಗ್ನೇಯಕ್ಕೆ, ಲೋಗರ್ ಪ್ರಾಂತ್ಯದಲ್ಲಿ ಮೆಸ್ ಐನಕ್ ಎಂಬ ತಾಮ್ರದ ಗಣಿ ಇದೆ. ಬೆಟ್ಟದ ತುಂಬ ಬೌದ್ಧ ವಿಹಾರಗಳು, ಅವುಗಳ ನಡುವೆ ತಾಮ್ರ ಕರಗಿಸಿದ ಕಿಟ್ಟದ ರಾಶಿ. ಕುಶಾನರ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಟಂಕಸಾಲೆಗಳಿಗೆ ಇಲ್ಲಿಂದ ಲೋಹ ಹೋಗಿರಬಹುದು ಎಂಬ ಊಹೆಗೆ ಬಲವಿದೆ. 2007ರಲ್ಲಿ ಈ ಗಣಿಯ ಗುತ್ತಿಗೆ ಚೀನದ ಕಂಪನಿಯ ಪಾಲಾದಾಗಿನಿಂದ ಪುರಾತತ್ತ್ವಜ್ಞರು ಅಲ್ಲಿ ಕಾಲದೊಡನೆ ಪಂದ್ಯಕ್ಕೆ ಬಿದ್ದು ಅಗೆದಿದ್ದಾರೆ.

ಉತ್ತರಕ್ಕೆ ಕೆಲವು ಗಂಟೆಗಳ ದಾರಿಯಲ್ಲಿ ಬೇಗ್ರಾಮ್. 1833ರಿಂದ ಕೆಲವು ವರ್ಷ ಚಾರ್ಲ್ಸ್ ಮ್ಯಾಸನ್ ಎಂಬಾತ ಅಲ್ಲಿನ ಬಯಲಿನಿಂದ ಹತ್ತಾರು ಸಾವಿರ ನಾಣ್ಯ ಕೂಡಿಹಾಕಿದ. ಈತನ ನಿಜವಾದ ಹೆಸರು ಜೇಮ್ಸ್ ಲೂಯಿಸ್, ಈಸ್ಟ್ ಇಂಡಿಯಾ ಕಂಪನಿಯ ಸೇನೆ ಬಿಟ್ಟು ಓಡಿಬಂದವನು. ಅವನು ಹೋಗುವವರೆಗೆ ಕುರಿಗಾಹಿಗಳಿಗೆ ಸಿಕ್ಕ ಕಾಸುಗಳನ್ನು ಕಾಬೂಲ್ ಮತ್ತು ಚಾರಿಕಾರಿನ ತಾಮ್ರದ ಕೆಲಸದವರು ಕರಗಿಸಿ ಪಾತ್ರೆ ಮಾಡುತ್ತಿದ್ದರು; ಒಂದಷ್ಟು ಕಾಬೂಲಿನ ಟಂಕಸಾಲೆಗೇ ಹೋಗುತ್ತಿದ್ದವು. ಎಷ್ಟು ತಲೆಮಾರಿನಿಂದ ಹೀಗೆ ನಡೆದಿತ್ತೋ! ಗ್ರೀಕ್ ಮತ್ತು ಖರೋಷ್ಠಿ ಎರಡೂ ಬರಹ ಒಂದೇ ಮಾತನ್ನು ಹೇಳುತ್ತವೆ ಎಂದು ಗ್ರೀಕ್ ಅರಸರ ನಾಣ್ಯಗಳಲ್ಲಿ ಮ್ಯಾಸನ್ ಗುರುತಿಸಿದ್ದು, ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಖರೋಷ್ಠಿಯನ್ನು ಬಿಡಿಸುವುದಕ್ಕೆ ದಾರಿಯಾಯಿತು.

ಮ್ಯಾಸನ್ ಮಾಡಿದ ಒಳ್ಳೆಯ ಕೆಲಸವೆಂದರೆ ಯಾವುದು ಎಲ್ಲಿ ಸಿಕ್ಕಿತೆಂದು ಬರೆದಿಟ್ಟದ್ದು. ಇಂದಿನ ಮಾರುಕಟ್ಟೆ ಅದನ್ನು ಅಳಿಸುತ್ತಿದೆ. ಕುಶಾನರ ತಾಮ್ರ ಅಗ್ಗ, ಆದ್ದರಿಂದಲೇ ಅದರ ಬಗ್ಗೆ ಯಾರಿಗೂ ಕಾಳಜಿಯಿಲ್ಲ. ಮಡಕೆಯಲ್ಲಿ ಒಟ್ಟಿಗೆ ಸಿಕ್ಕ ಕಾಸುಗಳನ್ನು ಬಿಡಿಬಿಡಿಯಾಗಿ ಮಾರಿದರೆ, ಯಾವ ಅರಸನ ನಾಣ್ಯ ಯಾರ ನಾಣ್ಯದ ಜೊತೆ ಎಷ್ಟು ಕಾಲ ನಡೆಯುತ್ತಿತ್ತು ಎಂಬ ವಿವರ ಶಾಶ್ವತವಾಗಿ ಹೋಯಿತು. ಹುಣಸೆಹಣ್ಣು, ಉಪ್ಪು ಹಚ್ಚಿ ಹೊಳೆಯುವಂತೆ ತಿಕ್ಕುವವರೂ ಇದ್ದಾರೆ. ಕಿಲುಬಿನ ಜೊತೆ ಅಕ್ಷರವೂ ಎದ್ದುಹೋಗುತ್ತದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎನ್ನುವ 1878ರ ನಿಧಿ ಕಾಯ್ದೆ ನಮ್ಮಲ್ಲಿದೆ. ಚಿನ್ನ ಸಿಕ್ಕರೆ ಊರೆಲ್ಲ ಸುದ್ದಿ, ತಾಮ್ರ ಸಿಕ್ಕರೆ ಗುಜರಿ ಅಂಗಡಿ.

ಇಷ್ಟಾದರೂ ಈ ಕಾಸು ತನ್ನ ರಾಜ್ಯದ ಗಡಿ ದಾಟಿ ಬಹಳ ದೂರ ಹೋಗಿದೆ. ಅರಾಲ್ ಸಮುದ್ರದ ಕಡೆಯ ಖ್ವಾರೆಜ್ಮ್‌ನಲ್ಲಿ ಅಲ್ಲಿನ ಆಳುವವರು ಕುಶಾನರ ತಾಮ್ರದ ಮೇಲೆ ತಮ್ಮ ಮುದ್ರೆ ಒತ್ತಿ ಚಲಾವಣೆಗೆ ಬಿಟ್ಟರು. ಚೀನದ ಹಾದಿಯ ಖೋತಾನಿನ ಮರಳಿನಲ್ಲೂ ಕನಿಷ್ಕನ ಕಾಸು ದೊರೆತಿದೆ. ಪೂರ್ವದಲ್ಲಿ ಒಡಿಶಾದ ಕರಾವಳಿಯಿಂದ ಜಾರ್ಖಂಡಿನ ಸಿಂಗ್‌ಭೂಮ್‌ವರೆಗೆ ಸಾವಿರಾರು ತಾಮ್ರದ ನಾಣ್ಯಗಳು ಸಿಕ್ಕಿವೆ. ಇವಕ್ಕೆ ‘ಪುರಿ–ಕುಶಾನ’ ಎಂದು ಹೆಸರು. ಕುಶಾನರ ಆಳ್ವಿಕೆ ಒಡಿಶಾ ತಲುಪಿರಲಿಲ್ಲವೆಂದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ವಂಶ ಮುಗಿದ ಮೇಲೂ ಅಲ್ಲಿನ ಜನ ಆ ಕಾಸಿನ ಮಾದರಿಯಲ್ಲಿ ತಮ್ಮದನ್ನು ಎರಕ ಹೊಯ್ದುಕೊಂಡರು. ಎರಡು ಬದಿಯಲ್ಲೂ ನಿಂತ ಆಕೃತಿ, ಕಡ್ಡಿಯಂಥ ಕೈಕಾಲು. ನಿಲುವಂಗಿಯ ಅಂಚು ಗುರುತು ಸಿಗುವಷ್ಟು ಉಳಿದಿದೆ, ಬರಹ ಇಲ್ಲ. ತಾಮ್ರದ ಗಣಿಗಳಿರುವ ಸಿಂಗ್‌ಭೂಮ್‌ನ ರಾಖಾ ಬೆಟ್ಟದ ಬಳಿ ದೊರೆತ ಕೆಲವುಗಳಲ್ಲಿ ಮಾತ್ರ ಬ್ರಾಹ್ಮಿ ಅಕ್ಷರಗಳಿವೆ. ಅಲ್ಲಿ ಯಾವ ಅರಸನ ಹೆಸರೂ ಇಲ್ಲ, ಯಾವ ದೇವರ ಹೆಸರೂ ಇಲ್ಲ. ‘ಟಂಕ’ ಎಂದಷ್ಟೇ ಬರೆದಿದೆ.